ಮಂಗನಬಾವು: ಲಸಿಕೆ ಇದೆ, ಸರ್ಕಾರಿ ಪಟ್ಟಿಯಲ್ಲಿಲ್ಲ

2024ರ ಮಾರ್ಚ್ 10ರಂದು ಕೇರಳದಲ್ಲಿ ಒಂದೇ ದಿನ 190 ಮಂಗನಬಾವು ಪ್ರಕರಣಗಳು ದಾಖಲಾದವು. ಮಲಪ್ಪುರಂನಂಥ ಉತ್ತರದ ಜಿಲ್ಲೆಗಳಲ್ಲಿ ಕಾವು ಹೆಚ್ಚಿತ್ತು. ವರ್ಷ ಮುಗಿಯುವಷ್ಟರಲ್ಲಿ ಆ ರಾಜ್ಯದ ಲೆಕ್ಕ 60 ಸಾವಿರ ದಾಟಿತು. ಅದರ ಹಿಂದಿನ ವರ್ಷದ ಲೆಕ್ಕ ಕೆಲವು ಸಾವಿರವಷ್ಟೇ ಇತ್ತು. ಮಹಾರಾಷ್ಟ್ರ, ತೆಲಂಗಾಣ, ಆಂಧ್ರಪ್ರದೇಶಗಳಿಂದಲೂ ವರದಿಗಳು ಬಂದವು. ಕೆನ್ನೆ ಊದಿಸಿಕೊಂಡು ಬರುವ ಮಕ್ಕಳ ಸಂಖ್ಯೆ ಏರಿದೆ ಎಂದು ಬೆಂಗಳೂರಿನ ಮಕ್ಕಳ ವೈದ್ಯರೂ ಹೇಳತೊಡಗಿದರು.

ಶಿಶುಮರಣವಿರಲಿ, ಹೆರಿಗೆಯ ಆರೈಕೆಯಿರಲಿ, ಕೇರಳ ದೇಶಕ್ಕೇ ಮಾದರಿ ಎನಿಸಿಕೊಂಡ ರಾಜ್ಯ. ಅಲ್ಲೇ ಹೀಗೇಕಾಯಿತು? ಅಲ್ಲಿನ ಆರೋಗ್ಯ ಇಲಾಖೆ ಕಾರಣವನ್ನು ಮುಚ್ಚಿಡಲಿಲ್ಲ. 2016-17ರ ಸುಮಾರಿನ ನಂತರ ಹುಟ್ಟಿದ ಮಕ್ಕಳಿಗೆ ಸರ್ಕಾರಿ ಲಸಿಕೆಯಲ್ಲಿ ದಡಾರ ಮತ್ತು ರುಬೆಲ್ಲಾಗೆ ರಕ್ಷಣೆ ಸಿಕ್ಕಿತ್ತು, ಮಂಗನಬಾವಿಗೆ ಸಿಕ್ಕಿರಲಿಲ್ಲ. ಕರ್ನಾಟಕದ ಮಕ್ಕಳ ಸ್ಥಿತಿಯೂ ಇದೇ, ದೇಶದ ಬಹುಪಾಲು ಮಕ್ಕಳ ಸ್ಥಿತಿಯೂ ಇದೇ. ಐವತ್ತು ವರ್ಷಕ್ಕೂ ಹಿಂದೆ ಲಸಿಕೆ ಸಿದ್ಧವಾದ ಕಾಯಿಲೆಯೊಂದು ಇಂದಿಗೂ ನಮ್ಮ ಶಾಲೆಗಳಲ್ಲಿ ಸುತ್ತುತ್ತಿದೆ. ಇದನ್ನು ‘ಸೌಮ್ಯ ಕಾಯಿಲೆ’ ಎಂದು ಬದಿಗಿಟ್ಟ ನಿರ್ಧಾರವನ್ನು ಮತ್ತೊಮ್ಮೆ ತೂಗಿ ನೋಡುವ ಕಾಲ ಬಂದಿದೆ.

ಕಿವಿಯ ಬುಡದಲ್ಲಿ

ಹಳ್ಳಿಗಳ ಕಡೆ ಕೆಪ್ಪಟರಾಯ ಎಂದೂ ಕರೆಯುವ ಈ ಕಾಯಿಲೆಗೆ ಕಾರಣ ದಡಾರದ ವೈರಸ್ಸಿನ ಬಂಧುವಾದ ಒಂದು ವೈರಸ್. ಮನುಷ್ಯನ ಹೊರತು ಬೇರೆ ಯಾವ ಪ್ರಾಣಿಯಲ್ಲೂ ಅದು ಸಹಜವಾಗಿ ನೆಲೆಸುವುದಿಲ್ಲ. ಮಲೆನಾಡಿನಲ್ಲಿ ಉಣ್ಣೆ ಕಚ್ಚುವುದರಿಂದ ಬರುವ ಮಂಗನ ಕಾಯಿಲೆಯೇ ಬೇರೆ, ಇದೇ ಬೇರೆ. ಕೆಮ್ಮು, ಸೀನು, ಮಾತಿನ ಜೊತೆ ಸಿಡಿಯುವ ಹನಿಗಳಿಂದ, ಎಂಜಲಿನಿಂದ, ಒಂದೇ ಲೋಟ ಹಂಚಿಕೊಳ್ಳುವುದರಿಂದ ಮಂಗನಬಾವು ಹರಡುತ್ತದೆ.

ಒಳಹೊಕ್ಕ ವೈರಸ್ ಸಾಮಾನ್ಯವಾಗಿ 16ರಿಂದ 18 ದಿನ, ಕೆಲವೊಮ್ಮೆ 25 ದಿನದವರೆಗೂ ಯಾವ ಸುಳಿವನ್ನೂ ಕೊಡುವುದಿಲ್ಲ. ಆಮೇಲೆ ಸಣ್ಣ ಜ್ವರ, ತಲೆನೋವು, ಮೈಕೈ ನೋವು, ಊಟ ಬೇಡವೆಂಬ ಹಟ. ಒಂದೆರಡು ದಿನದಲ್ಲಿ ಕಿವಿಯ ಮುಂದೆ ಮತ್ತು ಕೆಳಗೆ ಇರುವ ಜೊಲ್ಲುಗ್ರಂಥಿ ಬಾತುಕೊಳ್ಳುತ್ತದೆ. ಮೊದಲು ಒಂದು ಕಡೆ, ಬಹಳಷ್ಟು ಮಕ್ಕಳಲ್ಲಿ ಕೆಲವು ದಿನಗಳೊಳಗೆ ಇನ್ನೊಂದು ಕಡೆಯೂ.

ಅನುಭವಿ ವೈದ್ಯರು ಮಗುವಿನ ಹಿಂದೆ ನಿಂತು ನೋಡುತ್ತಾರೆ. ಬಾವು ಇದ್ದ ಕಡೆಯ ಕಿವಿಯ ಹಾಲೆ ಮೇಲಕ್ಕೂ ಹೊರಕ್ಕೂ ತಳ್ಳಲ್ಪಟ್ಟಿರುತ್ತದೆ. ಕೈಯಿಟ್ಟು ಒತ್ತಿದರೆ ಸಾಮಾನ್ಯವಾಗಿ ಬೆರಳಿಗೆ ಚೂಪಾಗಿ ಸಿಗುವ ದವಡೆಯ ಮೂಲೆ ಬಾವಿನೊಳಗೆ ಹೂತು ಹೋಗಿರುತ್ತದೆ. ಬಾಯಿ ತೆರೆಸಿ ಕೆನ್ನೆಯ ಒಳಬದಿಗೆ ಟಾರ್ಚ್ ಹಿಡಿದರೆ, ಮೇಲಿನ ಎರಡನೇ ದವಡೆ ಹಲ್ಲಿನ ಎದುರು ಜೊಲ್ಲು ಸುರಿಯುವ ಸಣ್ಣ ರಂಧ್ರ ಕೆಂಪಾಗಿ ಉಬ್ಬಿರುವುದು ಕಾಣುತ್ತದೆ. ಈ ಮಕ್ಕಳಿಗೆ ಉಪ್ಪಿನಕಾಯಿ, ಹುಣಸೆಹಣ್ಣು, ನಿಂಬೆಯ ಹುಳಿ ತಾಕಿದರೆ ಸಾಕು, ಕಣ್ಣಲ್ಲಿ ನೀರು ಬರುತ್ತದೆ. ಹುಳಿ ಜೊಲ್ಲನ್ನು ಉಕ್ಕಿಸುತ್ತದೆ. ಬಾತ ಗ್ರಂಥಿಯಿಂದ ಅದು ಸಲೀಸಾಗಿ ಹೊರಬರಲಾರದೆ ನೋವು ಕೆರಳುತ್ತದೆ.

ಎಲ್ಲ ಕೆನ್ನೆ ಬಾವೂ ಮಂಗನಬಾವಲ್ಲ. ಹಲ್ಲಿನ ಬುಡದ ಕೀವು, ಕುತ್ತಿಗೆಯ ದುಗ್ಧಗ್ರಂಥಿಗಳ ಊತ, ಜೊಲ್ಲಿನ ನಾಳದಲ್ಲಿ ಸಿಕ್ಕಿಕೊಂಡ ಕಲ್ಲು, ಬ್ಯಾಕ್ಟೀರಿಯಾ ಸೋಂಕು, ಬೇರೆ ವೈರಸ್‌ಗಳು ಕೂಡ ಇಂಥದೇ ರೂಪ ತೋರುತ್ತವೆ. ಗಂಟಲುಮಾರಿಯಲ್ಲಿ ಕುತ್ತಿಗೆ ದಪ್ಪವಾಗಿ ಊದಿಕೊಳ್ಳುವುದನ್ನು ಮಂಗನಬಾವೆಂದು ತಿಳಿದು ಮನೆಯಲ್ಲೇ ಉಳಿದರೆ ಪ್ರಾಣಕ್ಕೇ ಕುತ್ತು. ಅನುಮಾನವಿದ್ದಲ್ಲಿ ಕೆನ್ನೆಯ ಒಳಭಾಗದಿಂದ ತೆಗೆದ ದ್ರವದ ಆರ್‌ಟಿ-ಪಿಸಿಆರ್ ಪರೀಕ್ಷೆ ಅಥವಾ ರಕ್ತದಲ್ಲಿನ ಐಜಿಎಂ ಪರೀಕ್ಷೆ ವೈದ್ಯರ ನೆರವಿಗೆ ಬರುತ್ತದೆ.

ಹರಡುವಿಕೆಯ ವಿಚಾರದಲ್ಲಿ ಒಂದು ತೊಡಕಿದೆ. ಬಾವು ಕಾಣುವ ಎರಡು ದಿನ ಮೊದಲೇ ಮಗು ಸೋಂಕನ್ನು ಹಂಚತೊಡಗಿರುತ್ತದೆ. ಬಾವು ಬಂದ ಮೇಲೂ ಐದು ದಿನ ಹಂಚುತ್ತದೆ. ಸೋಂಕು ತಗುಲಿದ ಐವರಲ್ಲಿ ಒಬ್ಬರಿಗಾದರೂ ಬಾವೇ ಬರುವುದಿಲ್ಲ, ಆದರೂ ಅವರಿಂದ ಇತರರಿಗೆ ಅಂಟುತ್ತದೆ. ಹೀಗಾಗಿ ಬಾವು ಬಂದ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಂಡರೆ ಹಬ್ಬುವ ವೇಗ ತಗ್ಗೀತು, ಹಬ್ಬುವುದು ಪೂರ್ತಿ ನಿಲ್ಲಲಾರದು.

ಸೌಮ್ಯತೆಯ ಆಚೆ

ಹತ್ತರಲ್ಲಿ ಒಂಬತ್ತು ಮಕ್ಕಳು ವಾರ, ಹತ್ತು ದಿನದಲ್ಲಿ ಚೇತರಿಸಿಕೊಂಡು ಮತ್ತೆ ಆಟಕ್ಕೆ ಓಡುತ್ತಾರೆ. ಸಾವು ಬಹಳ ಅಪರೂಪ. ಈ ಕಾಯಿಲೆಗೆ ಅಂಜಿಕೆ ಇಲ್ಲದಿರುವುದು ಇದರಿಂದಲೇ. ಲೇಪಗಳಿಗೆ ಹೆಸರು ಬಂದದ್ದೂ ಇದರಿಂದಲೇ. ಅರಿಶಿನ ಹಚ್ಚಲಿ, ಬೇವಿನ ಸೊಪ್ಪು ಅರೆದು ಬಳಿಯಲಿ, ಏನೂ ಹಚ್ಚದೆ ಬಿಡಲಿ, ಬಾವು ಒಂದು ವಾರದಲ್ಲಿ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ಹಚ್ಚಿದ್ದ ಮದ್ದಿಗೆ ಕೀರ್ತಿ ಸಲ್ಲುತ್ತದೆ. ಮೃದು ಲೇಪದಿಂದ ಕೆಡುಕೇನೂ ಇಲ್ಲ. ಆದರೆ ಸುಣ್ಣದಂಥ ತೀಕ್ಷ್ಣ ವಸ್ತು ಎಳೆಯ ಚರ್ಮವನ್ನು ಸುಡಬಲ್ಲದು. ಲೇಪ ಹಚ್ಚಿದ ನಂಬಿಕೆಯಲ್ಲಿ ಅಪಾಯದ ಲಕ್ಷಣಗಳನ್ನು ಕಡೆಗಣಿಸುವುದು ಅದಕ್ಕಿಂತ ದೊಡ್ಡ ಹಾನಿ.

ವೈರಸ್ ಜೊಲ್ಲುಗ್ರಂಥಿಯಲ್ಲಿ ಮಾತ್ರ ನಿಲ್ಲುವುದಿಲ್ಲ. ರಕ್ತದ ಮೂಲಕ ಅದು ಮಿದುಳಿನ ಪೊರೆ, ವೃಷಣ, ಅಂಡಾಶಯ, ಮೇದೋಜೀರಕ ಗ್ರಂಥಿ, ಒಳಗಿವಿಯವರೆಗೆ ತಲುಪುತ್ತದೆ. ಲಸಿಕೆ ಪಡೆಯದವರಲ್ಲಿ ನೂರಕ್ಕೆ ಹತ್ತು ಮಂದಿಯವರೆಗೆ ಮಿದುಳಿನ ಪೊರೆಯ ಉರಿಯೂತ ಕಾಣಿಸಬಹುದು. ಬಹುತೇಕ ಇದು ಉಳಿಕೆಯಿಲ್ಲದೆ ವಾಸಿಯಾಗುತ್ತದೆ. ಮಿದುಳಿಗೇ ಉರಿಯೂತ ತಗುಲುವುದು ವಿರಳ, ಆದರೆ ಜೀವಕ್ಕೆ ಎರವಾಗುವುದು ಅದೇ.

ಪ್ರೌಢ ವಯಸ್ಸಿಗೆ ಬಂದ ಹುಡುಗರು ಮತ್ತು ಗಂಡಸರಲ್ಲಿ ಕಥೆ ಬೇರೆ. ಲಸಿಕೆಯಿಲ್ಲದ ಇಂಥವರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ವೃಷಣ ಬಾತು ಕೆಂಪಾಗಿ, ನಡೆಯಲಾರದಷ್ಟು ನೋಯುತ್ತದೆ. ಸಾಮಾನ್ಯವಾಗಿ ಒಂದು ಕಡೆಗಷ್ಟೇ. ಬಾತ ವೃಷಣ ಮುಂದೆ ಅಷ್ಟಿಷ್ಟು ಕುಗ್ಗುವುದು ಅರ್ಧದಷ್ಟು ಮಂದಿಯಲ್ಲಿ ಕಂಡುಬಂದಿದೆ. ಮಂಗನಬಾವು ಬಂದವನಿಗೆ ಮಕ್ಕಳಾಗುವುದಿಲ್ಲ ಎಂಬ ಮಾತು ಊರೂರಲ್ಲೂ ಕೇಳುತ್ತದೆ. ಅದು ಸರಿಯಲ್ಲ. ಪೂರ್ಣ ಬಂಜೆತನ ಬಹಳ ಅಪರೂಪ. ಚಿಕ್ಕ ವಯಸ್ಸಿನಲ್ಲಿ ಈ ಕಾಯಿಲೆ ಬಂದುಹೋದ ಹುಡುಗನ ಮದುವೆಯ ಮಾತುಕತೆಯಲ್ಲಿ ಈ ಅಂಜಿಕೆ ತರಬೇಕಾದ ಕಾರಣವೇ ಇಲ್ಲ.

ಕಿವಿಯ ಪೆಟ್ಟು ಹೆಚ್ಚು ಮೋಸದ್ದು. ಮಂಗನಬಾವಿನ ಕಿವುಡು ದಿಢೀರನೆ ಬರುತ್ತದೆ, ಸಾಮಾನ್ಯವಾಗಿ ಒಂದೇ ಕಿವಿಗೆ, ಬಹುತೇಕ ಶಾಶ್ವತವಾಗಿ. ಹಳೆಯ ಪುಸ್ತಕಗಳು ಇದನ್ನು 20 ಸಾವಿರಕ್ಕೆ ಒಂದು ಎಂದು ಲೆಕ್ಕ ಹಾಕಿದ್ದವು. ಜಪಾನಿನ ಮಕ್ಕಳ ಮೇಲೆ ನಡೆದ ಎಚ್ಚರದ ಅಧ್ಯಯನ ಅದು ಸಾವಿರಕ್ಕೆ ಒಂದರ ಆಸುಪಾಸಿನಲ್ಲಿದೆ ಎಂದು ತೋರಿಸಿತು. 2015 ಮತ್ತು 2016ರಲ್ಲಿ ಕಾಯಿಲೆ ಹಬ್ಬಿದಾಗ ಅಲ್ಲಿನ ಕಿವಿ-ಮೂಗು-ಗಂಟಲು ತಜ್ಞರು 300ಕ್ಕೂ ಹೆಚ್ಚು ಮಂದಿಯ ಕಿವುಡನ್ನು ದಾಖಲಿಸಿದರು. ಒಂದು ಕಿವಿ ಸರಿಯಿದ್ದರೆ ಮಗು ಮಾತನಾಡುತ್ತದೆ, ಕರೆದರೆ ತಿರುಗುತ್ತದೆ. ತಂದೆತಾಯಿಗೆ ಗೊತ್ತೇ ಆಗುವುದಿಲ್ಲ. ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುವುದು, ತರಗತಿಯ ಗದ್ದಲದಲ್ಲಿ ಪಾಠ ತಪ್ಪಿಹೋಗುವುದು, ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯದೆ ರಸ್ತೆಯಲ್ಲಿ ತಬ್ಬಿಬ್ಬಾಗುವುದು ಇವೇ ಅದರ ಗುರುತು. ಬಾವು ಇಳಿದ ಮೇಲೆ ಒಂದು ಕಿವಿ ಮುಚ್ಚಿ ಇನ್ನೊಂದರ ಬಳಿ ಪಿಸುಗುಟ್ಟಿ, ಎರಡೂ ಕಡೆ ಕೇಳುತ್ತದೆಯೇ ಎಂದು ನೋಡುವುದಕ್ಕೆ ಖರ್ಚಿಲ್ಲ. ಅನುಮಾನ ಬಂದರೆ ಶ್ರವಣ ಪರೀಕ್ಷೆ ಮಾಡಿಸಬೇಕು.

ಕುಸ್ತಿಯ ಕಣದಿಂದ ಹಾಕಿ ಅಂಗಣಕ್ಕೆ

ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಗ್ರೀಸಿನ ಥಾಸೋಸ್ ದ್ವೀಪದಲ್ಲಿ ಈ ಕಾಯಿಲೆ ಹಬ್ಬಿದ್ದನ್ನು ಹಿಪ್ಪೊಕ್ರೇಟಿಸ್‌ನ ಹೆಸರಿನ ಬರಹಗಳು ವಿವರಿಸಿವೆ. ಕಿವಿಯ ಬಳಿ ಬಾವು, ಕೆಲವರಿಗೆ ವೃಷಣದ ನೋವು. ಹೆಚ್ಚಾಗಿ ಬಂದದ್ದು ಕುಸ್ತಿ, ಕಸರತ್ತಿನಲ್ಲಿ ತೊಡಗಿದ್ದ ಯುವಕರಿಗೆ. ಮೈಗೆ ಮೈ ತಾಗಿಸಿ ಒಟ್ಟಿಗೆ ಬಾಳುವ ಯುವಜನ ಈ ವೈರಸ್ಸಿಗೆ ಅಂದಿನಿಂದಲೂ ಅಚ್ಚುಮೆಚ್ಚು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರನ್ನು ಆಸ್ಪತ್ರೆಗೆ ಸೇರಿಸಿದ ಕಾಯಿಲೆಗಳಲ್ಲಿ ಇನ್‌ಫ್ಲುಯೆಂಜಾ ಮತ್ತು ಗೊನೊರಿಯಾ ಬಿಟ್ಟರೆ ಮುಂದಿನ ಸ್ಥಾನ ಮಂಗನಬಾವಿನದು. 2014ರ ಕೊನೆಯಲ್ಲಿ ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್‌ನ ಹಲವು ತಂಡಗಳಿಗೆ ಅದು ಹರಡಿ, ಖ್ಯಾತ ಆಟಗಾರ ಸಿಡ್ನಿ ಕ್ರಾಸ್ಬಿಯ ಮುಖವನ್ನೂ ಊದಿಸಿತು.

ಕಾಯಿಲೆಗೆ ವೈರಸ್ ಕಾರಣವೆಂದು ಅಮೆರಿಕದ ಕ್ಲಾಡ್ ಜಾನ್ಸನ್ ಮತ್ತು ಅರ್ನೆಸ್ಟ್ ಗುಡ್‌ಪಾಸ್ಚರ್ 1934ರಲ್ಲಿ ಖಚಿತಪಡಿಸಿದರು. 1940ರ ದಶಕದಲ್ಲಿ ಬಂದ ಮೊದಲ ಲಸಿಕೆಯಲ್ಲಿ ಕೊಂದ ವೈರಸ್ ಇತ್ತು. ಅದರ ರಕ್ಷಣೆ ಬೇಗ ಇಳಿದುಹೋಗುತ್ತಿತ್ತು. ಗಟ್ಟಿ ಲಸಿಕೆಯ ಆರಂಭವಾದದ್ದು 1963ರ ಮಾರ್ಚ್ ತಿಂಗಳ ಒಂದು ರಾತ್ರಿ, ಫಿಲಡೆಲ್ಫಿಯಾದ ಹೊರವಲಯದ ಮನೆಯಲ್ಲಿ. ಐದು ವರ್ಷದ ಜೆರಿಲ್ ಲಿನ್ ಗಂಟಲು ನೋವೆಂದು ಎದ್ದು ಬಂದು ತಂದೆಯನ್ನು ಎಬ್ಬಿಸಿದಳು. ತಂದೆ ಮಾರಿಸ್ ಹಿಲ್ಲೆಮನ್, ಮರ್ಕ್ ಕಂಪನಿಯ ಲಸಿಕೆ ವಿಜ್ಞಾನಿ. ಮಗಳ ದವಡೆಯ ಕೆಳಗಿನ ಬಾವು ಮುಟ್ಟಿ ನೋಡಿ, ಅವಳನ್ನು ಮತ್ತೆ ಮಲಗಿಸಿ, ಪ್ರಯೋಗಾಲಯಕ್ಕೆ ಕಾರು ಓಡಿಸಿಕೊಂಡು ಹೋಗಿ ಹತ್ತಿಯ ಕಡ್ಡಿಗಳನ್ನು ತಂದರು. ಮಗಳ ಗಂಟಲಿನ ದ್ರವ ತೆಗೆದು ಅದನ್ನು ಶೀತಲಪೆಟ್ಟಿಗೆಯಲ್ಲಿ ಭದ್ರಪಡಿಸಿದರು. ಆ ವೈರಸ್ಸನ್ನು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ದುರ್ಬಲಗೊಳಿಸಿದರು. ಮನುಷ್ಯನಿಗೆ ಕಾಯಿಲೆ ತರುವ ಶಕ್ತಿ ಕಳೆದು, ಪ್ರತಿರೋಧ ಹುಟ್ಟಿಸುವ ಶಕ್ತಿಯಷ್ಟೇ ಅದರಲ್ಲಿ ಉಳಿಯಿತು. ಜೆರಿಲ್‌ಳ ಪುಟ್ಟ ತಂಗಿ ಕರ್ಸ್ಟನ್ ಆ ಲಸಿಕೆ ಪಡೆದ ಮೊದಲಿಗರಲ್ಲಿ ಒಬ್ಬಳು. 1967ರಲ್ಲಿ ಪರವಾನಗಿ ಸಿಕ್ಕಿತು. ‘ಜೆರಿಲ್ ಲಿನ್’ ತಳಿಯ ಹೆಸರಿನಲ್ಲೇ ಅದು ಇಂದಿಗೂ ಬಳಕೆಯಲ್ಲಿದೆ. 1971ರಲ್ಲಿ ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ಸೇರಿಸಿದ ಎಂಎಂಆರ್ ಬಂತು.

ಫಲ ಕಣ್ಣಿಗೆ ಕಾಣುವಂಥದು. ಲಸಿಕೆ ಬಂದ ಕಾಲಕ್ಕೆ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1.86 ಲಕ್ಷ ಪ್ರಕರಣ ವರದಿಯಾಗುತ್ತಿದ್ದವು. ಎರಡು ಡೋಸ್ ರೂಢಿಗೆ ಬಂದ ಮೇಲೆ ಆ ಸಂಖ್ಯೆ ನೂರಕ್ಕೆ 99ರಷ್ಟು ಕುಸಿಯಿತು. 1982ರಲ್ಲಿ ಎರಡು ಡೋಸ್ ಕೊಡಲು ಆರಂಭಿಸಿದ ಫಿನ್ಲೆಂಡ್ 1990ರ ದಶಕದಲ್ಲೇ ತನ್ನ ನೆಲದಿಂದ ಈ ಕಾಯಿಲೆಯನ್ನು ಅಳಿಸಿಹಾಕಿತು. ಇಂದು 120ಕ್ಕೂ ಹೆಚ್ಚು ದೇಶಗಳ ರಾಷ್ಟ್ರೀಯ ಪಟ್ಟಿಯಲ್ಲಿ ಮಂಗನಬಾವಿನ ಲಸಿಕೆ ಇದೆ.

ಎರಡು ಸೀಸೆ, ಎರಡು ದಾರಿ

ಭಾರತದಲ್ಲಿ 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ (ಎಂಆರ್) ಅಭಿಯಾನ ಶುರುವಾದಾಗ ಮೊದಲ ಸುತ್ತಿನ ಐದು ಪ್ರದೇಶಗಳಲ್ಲಿ ಕರ್ನಾಟಕವೂ ಇತ್ತು. ತಮಿಳುನಾಡು, ಪುದುಚೇರಿ, ಗೋವಾ, ಲಕ್ಷದ್ವೀಪ ಉಳಿದವು. ಒಂಬತ್ತು ತಿಂಗಳಿನಿಂದ 15 ವರ್ಷದ ಒಳಗಿನ ಮಕ್ಕಳಿಗೆ ಶಾಲೆಗಳಲ್ಲೂ ಲಸಿಕೆ ಚುಚ್ಚಿದರು. ಆಮೇಲೆ ಅದೇ ಎಂಆರ್ ಲಸಿಕೆ ನಿತ್ಯದ ಪಟ್ಟಿಗೆ ಸೇರಿ, 9-12 ತಿಂಗಳಿಗೊಂದು, 16-24 ತಿಂಗಳಿಗೊಂದು ಡೋಸ್ ಎಂದಾಯಿತು. ದಡಾರ ಮಕ್ಕಳನ್ನು ಕೊಲ್ಲುತ್ತದೆ, ರುಬೆಲ್ಲಾ ಗರ್ಭದೊಳಗಿನ ಶಿಶುವಿನ ಕಣ್ಣು, ಕಿವಿ, ಹೃದಯವನ್ನು ಕೆಡಿಸುತ್ತದೆ. ಆ ಎರಡಕ್ಕೆ ಆದ್ಯತೆ ಕೊಟ್ಟದ್ದರಲ್ಲಿ ತಪ್ಪಿಲ್ಲ. ಮಂಗನಬಾವು ಸೌಮ್ಯ, ಅದರ ಹೊರೆಯ ಬಗ್ಗೆ ಸಾಕಷ್ಟು ಲೆಕ್ಕವಿಲ್ಲ ಎಂಬ ವಾದದ ಮೇಲೆ ಮೂರನೆಯದನ್ನು ಕೈಬಿಡಲಾಯಿತು.

ಆ ಲೆಕ್ಕವಾದರೂ ಎಲ್ಲಿಂದ ಬರಬೇಕು? ಕೆನ್ನೆ ಊದಿದ ಮಗುವನ್ನು ಮನೆಯವರು ಸರ್ಕಾರಿ ಆಸ್ಪತ್ರೆಗೆ ಕರೆತರುವುದೇ ಕಡಿಮೆ. ಒಂದು ಕಿವಿ ಕೇಳದ ಹುಡುಗಿ ಹತ್ತು ವರ್ಷದ ನಂತರ ತಜ್ಞರ ಬಳಿ ಬಂದರೆ ಅದನ್ನು ಮಂಗನಬಾವಿನ ಖಾತೆಗೆ ಬರೆಯುವವರು ಯಾರು?

ಇತ್ತ ಭಾರತೀಯ ಮಕ್ಕಳ ತಜ್ಞರ ಸಂಘ ಮೊದಲಿನಿಂದಲೂ ಎಂಎಂಆರ್ ಲಸಿಕೆಯ ಪರ. ಒಂಬತ್ತು ತಿಂಗಳು, ಹದಿನೈದು ತಿಂಗಳು, ನಾಲ್ಕರಿಂದ ಆರು ವರ್ಷದೊಳಗೆ, ಹೀಗೆ ಮೂರು ಡೋಸ್ ಅದರ ಸಲಹೆ. ಖಾಸಗಿ ಕ್ಲಿನಿಕ್‌ಗೆ ಹೋಗುವ ಮಗುವಿಗೆ ಸಿಗುವುದು ಇದೇ. ಒಂದೇ ಬೀದಿಯ ಇಬ್ಬರು ಮಕ್ಕಳಲ್ಲಿ ಅಂಗನವಾಡಿಯಲ್ಲಿ ಲಸಿಕೆ ಪಡೆದವನಿಗೆ ಎರಡು ಕಾಯಿಲೆಗಳಿಂದ ರಕ್ಷಣೆ, ಹಣ ಕೊಟ್ಟು ಹಾಕಿಸಿಕೊಂಡವನಿಗೆ ಮೂರರಿಂದ.

ಇದರಲ್ಲಿ ಅನ್ಯಾಯವಷ್ಟೇ ಅಲ್ಲ, ಅಪಾಯವೂ ಇದೆ. ಸಮಾಜದ ಒಂದು ಪಾಲಿಗಷ್ಟೇ ಲಸಿಕೆ ಸಿಕ್ಕಾಗ ವೈರಸ್ ಮಾಯವಾಗುವುದಿಲ್ಲ, ಅದರ ಓಡಾಟ ನಿಧಾನವಾಗುತ್ತದೆ. ಆಗ ಲಸಿಕೆ ಸಿಗದ ಮಕ್ಕಳು ಎಳವೆಯಲ್ಲಿ ಸೋಂಕು ತಪ್ಪಿಸಿಕೊಂಡು, ಹದಿಹರೆಯದಲ್ಲಿ ಅದಕ್ಕೆ ಸಿಕ್ಕಿಬೀಳುತ್ತಾರೆ. ಅದೇ ತೊಡಕುಗಳು ಹೆಚ್ಚುವ ವಯಸ್ಸು. ಗ್ರೀಸ್ ದೇಶ ರುಬೆಲ್ಲಾ ವಿಚಾರದಲ್ಲಿ ಇದನ್ನು ಅನುಭವಿಸಿತು: 1970ರ ದಶಕದಿಂದ ಅರೆಬರೆ ಲಸಿಕೆ ನಡೆದು, 1993ರಲ್ಲಿ ಗರ್ಭಿಣಿಯರಿಗೇ ಕಾಯಿಲೆ ಹಬ್ಬಿ ಶಿಶುಗಳು ದೋಷಗಳೊಂದಿಗೆ ಹುಟ್ಟಿದವು. ನೂರಕ್ಕೆ 80ಕ್ಕಿಂತ ಹೆಚ್ಚು ಮಕ್ಕಳನ್ನು ತಲುಪಬಲ್ಲ ದೇಶಗಳು ಮಾತ್ರ ಮಂಗನಬಾವನ್ನು ಪಟ್ಟಿಗೆ ಸೇರಿಸಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಕಾರಣಕ್ಕೇ. ದಡಾರದ ಲಸಿಕೆಯನ್ನು ಅಷ್ಟು ಮಕ್ಕಳಿಗೆ ತಲುಪಿಸುವ ಶಕ್ತಿ ಭಾರತಕ್ಕೆ ಈಗ ಬಂದಿದೆ.

ಲಸಿಕೆಯ ಬಗೆಗಿನ ಪ್ರಶ್ನೆಗಳು

ಲಸಿಕೆಯ ಚರಿತ್ರೆಯಲ್ಲಿ ಎಡವಿದ ಹೆಜ್ಜೆಗಳೂ ಇವೆ. ಜಪಾನಿನ ಉರಾಬೆ ತಳಿಯಿಂದ ಕೆಲವು ಮಕ್ಕಳಿಗೆ ಮಿದುಳು ಪೊರೆಯ ಉರಿಯೂತ ಬಂದದ್ದು ತಿಳಿದ ಮೇಲೆ ಬ್ರಿಟನ್ 1992ರಲ್ಲಿ ಅದನ್ನು ನಿಲ್ಲಿಸಿ ಜೆರಿಲ್ ಲಿನ್ ತಳಿಗೆ ಹೊರಳಿತು. ಜಪಾನ್ 1993ರಲ್ಲಿ ಎಂಎಂಆರ್ ಕಾರ್ಯಕ್ರಮವನ್ನೇ ಕೈಬಿಟ್ಟಿತು. ಮಂಗನಬಾವಿನ ಲಸಿಕೆ ಅಲ್ಲಿ ಇಷ್ಟವಿದ್ದವರ ಪಾಲಿಗೆ ಉಳಿಯಿತು, ಮುಂದೆ ನೂರಾರು ಕಿವಿಗಳು ಅದರ ಬೆಲೆ ತೆತ್ತವು. ಸ್ವಿಟ್ಜರ್‌ಲೆಂಡಿನ ರುಬಿನಿ ತಳಿ ಸುರಕ್ಷಿತವಾಗಿತ್ತು, ಆದರೆ ಕಾಯಿಲೆಯನ್ನು ತಡೆಯಲಿಲ್ಲ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಬಳಸುವ ಲೆನಿನ್‌ಗ್ರಾಡ್-ಝಾಗ್ರೆಬ್ ತಳಿ ಒಳ್ಳೆಯ ರಕ್ಷಣೆ ಕೊಡುತ್ತದೆ; ಬ್ರೆಜಿಲ್‌ನ ಸಾಮೂಹಿಕ ಅಭಿಯಾನಗಳಲ್ಲಿ ಕೆಲವು ಮಕ್ಕಳಲ್ಲಿ ಪೊರೆಯ ಉರಿಯೂತ ಕಂಡಿತ್ತು, ಅವರು ಚೇತರಿಸಿಕೊಂಡರು. ಸರ್ಕಾರ ನಾಳೆ ಮೂರನೆಯ ಲಸಿಕೆಯನ್ನು ಸೇರಿಸುವಾಗ ಇದನ್ನು ಜನರ ಮುಂದೆ ತೆರೆದಿಟ್ಟು, ಅಡ್ಡಪರಿಣಾಮಗಳ ಮೇಲೆ ನಿಗಾ ಇಡಬೇಕು. ಮುಚ್ಚಿಟ್ಟ ಸಣ್ಣ ಸಂಗತಿ ವಾಟ್ಸ್‌ಆ್ಯಪ್‌ನಲ್ಲಿ ದೊಡ್ಡ ಭೂತವಾಗುತ್ತದೆ.

ಅಂಥ ಭೂತ ಒಮ್ಮೆ ಎದ್ದಿತ್ತು. 1998ರಲ್ಲಿ ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಹನ್ನೆರಡು ಮಕ್ಕಳ ಆಧಾರದ ಮೇಲೆ ಎಂಎಂಆರ್‌ಗೂ ಆಟಿಸಂಗೂ ನಂಟು ಕಲ್ಪಿಸಿದರು. ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಂಡಿತು. ಡೆನ್ಮಾರ್ಕ್‌ನ 6.5 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಪರಿಶೀಲಿಸಿದ 2019ರ ಅಧ್ಯಯನ ಯಾವ ನಂಟನ್ನೂ ಕಾಣಲಿಲ್ಲ.

ಇನ್ನೊಂದು ಪ್ರಶ್ನೆ ನ್ಯಾಯವಾದದ್ದು: ಲಸಿಕೆ ಪಡೆದವರಿಗೂ ಬರುತ್ತದೆಯಲ್ಲ? ಬರುತ್ತದೆ. ಕ್ರಾಸ್ಬಿಯೂ ಲಸಿಕೆ ಪಡೆದಿದ್ದವರೇ. ಒಂದು ಡೋಸ್ ನೂರಕ್ಕೆ 75ರ ಆಸುಪಾಸು, ಎರಡು ಡೋಸ್ 86-88ರಷ್ಟು ರಕ್ಷಣೆ ಕೊಡುತ್ತವೆ. ವರ್ಷಗಳು ಕಳೆದಂತೆ ಅದು ಇಳಿಯುತ್ತದೆ. 2006ರಲ್ಲಿ ಅಯೋವಾ ರಾಜ್ಯದ ಕಾಲೇಜುಗಳಿಂದ ಹಬ್ಬಿದ ಸೋಂಕಿನಲ್ಲಿ ಅಮೆರಿಕದಾದ್ಯಂತ 6,500ಕ್ಕೂ ಹೆಚ್ಚು ಪ್ರಕರಣ ಕಂಡವು, ಅವರಲ್ಲಿ ಲಸಿಕೆ ಪಡೆದ ವಿದ್ಯಾರ್ಥಿಗಳೇ ಬಹಳ. ಹಾಸ್ಟೆಲಿನ ಇಕ್ಕಟ್ಟು, ಹಂಚಿಕೊಂಡ ಲೋಟ, ಇಳಿದ ಪ್ರತಿರೋಧ ಎಲ್ಲ ಕೂಡಿ ಹೀಗಾಯಿತು. ಆದರೆ ಲಸಿಕೆ ಪಡೆದವರಲ್ಲಿ ವೃಷಣದ ಬಾವು, ಪೊರೆಯ ಉರಿಯೂತ, ಕಿವುಡು ಸ್ಪಷ್ಟವಾಗಿ ಕಡಿಮೆ. ಸೋಂಕು ಹಬ್ಬುವಾಗ ಅಪಾಯದಲ್ಲಿರುವ ಗುಂಪಿಗೆ ಮೂರನೆಯ ಡೋಸ್ ಕೊಡುವಂತೆ ಅಮೆರಿಕದ ಸಲಹಾ ಸಮಿತಿ 2017ರಲ್ಲಿ ಶಿಫಾರಸು ಮಾಡಿತು.

ಮನೆಯಲ್ಲಿ, ಶಾಲೆಯಲ್ಲಿ

ಮಂಗನಬಾವಿನ ವೈರಸ್ಸನ್ನು ಕೊಲ್ಲುವ ಔಷಧಿಯಿಲ್ಲ. ಆ್ಯಂಟಿಬಯಾಟಿಕ್‌ನಿಂದ ಪ್ರಯೋಜನವಿಲ್ಲ. ಜ್ವರ, ನೋವಿಗೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು; ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು, ಅದು ಯಕೃತ್ತು ಮತ್ತು ಮಿದುಳಿಗೆ ಹಾನಿ ಮಾಡುವ ರೇ ಸಿಂಡ್ರೋಮ್‌ಗೆ ದಾರಿ ಮಾಡಬಹುದು. ಗಂಜಿ, ಮೆತ್ತನೆಯ ಅನ್ನ, ಹುಳಿಯಿಲ್ಲದ ಸಾರು, ಸಾಕಷ್ಟು ನೀರು, ಬಾವಿಗೆ ತಣ್ಣನೆಯ ಅಥವಾ ಬೆಚ್ಚನೆಯ ಬಟ್ಟೆ. ಬಾವು ಬಂದ ದಿನದಿಂದ ಐದು ದಿನ ಶಾಲೆ ಬೇಡ, ತಟ್ಟೆ-ಲೋಟ ಬೇರೆ ಇರಲಿ. ತಲೆನೋವು ತಡೆಯಲಾಗದಿದ್ದರೆ, ಕತ್ತು ಬಿಗಿದರೆ, ವಾಂತಿ ನಿಲ್ಲದಿದ್ದರೆ, ಫಿಟ್ಸ್ ಬಂದರೆ, ಹೊಟ್ಟೆನೋವು ಜೋರಾದರೆ, ವೃಷಣ ಬಾತರೆ, ಕಿವಿ ಮಂದವಾದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ತಂದೆತಾಯಿ ಇಂದೇ ಮಾಡಬಹುದಾದ ಕೆಲಸ ಮಗುವಿನ ಲಸಿಕೆಗಳ ವಿವರವಿರುವ ತಾಯಿ ಕಾರ್ಡ್ ತೆರೆದು ನೋಡುವುದು. ಅದರಲ್ಲಿ ಎಂಆರ್ ಎಂದಿದೆಯೋ ಎಂಎಂಆರ್ ಎಂದಿದೆಯೋ? ಎಂಆರ್ ಮಾತ್ರ ಸಿಕ್ಕಿದ್ದರೆ ನಂತರವೂ ಎಂಎಂಆರ್ ಹಾಕಿಸಬಹುದು. ದಡಾರ, ರುಬೆಲ್ಲಾದ ಡೋಸ್ ಇನ್ನೊಮ್ಮೆ ಬಿದ್ದರೆ ಕೆಡುಕಿಲ್ಲ. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ವಾರ ಬೇಕು. ಹಾಸ್ಟೆಲ್ ಸೇರುವ ವಿದ್ಯಾರ್ಥಿಗಳು, ನರ್ಸಿಂಗ್ ಮತ್ತು ವೈದ್ಯಕೀಯ ಓದುವವರು ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಗರ್ಭಿಣಿಯರು, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ಈ ಜೀವಂತ ಲಸಿಕೆಯನ್ನು ತೆಗೆದುಕೊಳ್ಳಬಾರದು. ಲಸಿಕೆಯ ನಂತರ ಒಂದು ತಿಂಗಳು ಗರ್ಭಧಾರಣೆ ಬೇಡ.

ಆದರೆ ಇಂಥ ಕೆಲಸವನ್ನು ಒಂದೊಂದು ಕುಟುಂಬದ ಜೇಬಿಗೆ ಬಿಡುವುದು ಪರಿಹಾರವಲ್ಲ. ಎಂಆರ್‌ನ ಜಾಗದಲ್ಲಿ ಎಂಎಂಆರ್ ಬಂದರೆ ಆಶಾ ಕಾರ್ಯಕರ್ತೆಯ ಭೇಟಿ ಹೆಚ್ಚುವುದಿಲ್ಲ, ಮಗುವಿಗೆ ಚುಚ್ಚುವ ಸೂಜಿ ಹೆಚ್ಚುವುದಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್ಜೂ ಅದೇ. ಬದಲಾಗುವುದು ಸೀಸೆ ಮತ್ತು ಅದರ ಬೆಲೆ. ಕೇರಳ ಈಗಾಗಲೇ ಕೇಂದ್ರವನ್ನು ಕೇಳಿದೆ. ಎಂಆರ್ ಅಭಿಯಾನವನ್ನು ಮೊದಲು ನಡೆಸಿದ ರಾಜ್ಯಗಳಲ್ಲೊಂದಾದ ಕರ್ನಾಟಕವೂ ದನಿಗೂಡಿಸಬೇಕು. ಎಂಆರ್ ಪಟ್ಟಿಗೆ ಸೇರಿದ ವರ್ಷ ಹುಟ್ಟಿದ ಮಕ್ಕಳು 2030ರ ಹೊತ್ತಿಗೆ ಹದಿಹರೆಯಕ್ಕೆ ಕಾಲಿಡುತ್ತಾರೆ. ಹೊಸದಾಗಿ ಹುಟ್ಟುವ ಮಕ್ಕಳ ಜೊತೆಗೆ, ನಡುವೆ ಬಿಟ್ಟುಹೋದ ಈ ಮಕ್ಕಳಿಗೂ ಶಾಲೆಗಳಲ್ಲಿ ಒಂದು ಸುತ್ತಿನ ಲಸಿಕೆ ಆ ಗಡುವಿನೊಳಗೆ ಸಿಗಬೇಕು.